ಫ್ಲೈ ರೀಲಿನ ಹಿಡಿ ಯಾವ ಕೈಗೆ: ಒಂದು ಸಮೀಕ್ಷೆ

ಗಾಳ ಹಾಕಿ ಮೀನು ಹಿಡಿಯುವ ಬಗೆಗಳಲ್ಲಿ ಫ್ಲೈ ಫಿಶಿಂಗ್ ಎಂಬುದು ಒಂದು ಮೂಲ ಅಂಶದಲ್ಲಿ ಉಳಿದವುಗಳಿಂದ ಬೇರೆಯಾಗಿದೆ. ಸಾಮಾನ್ಯ ಗಾಳದಲ್ಲಿ ಸೀಸದ ಗುಂಡಿನದೋ ಎರೆಯದೋ ತೂಕ ಮುಂದಕ್ಕೆ ಹಾರಿ ತೆಳುವಾದ ದಾರವನ್ನು ತನ್ನ ಹಿಂದೆ ಸೆಳೆದುಕೊಂಡು ಹೋಗುತ್ತದೆ. ಫ್ಲೈ ಫಿಶಿಂಗ್‌ನಲ್ಲಿ ಗರಿ, ತುಪ್ಪಳ, ನೂಲುಗಳನ್ನು ಕೊಕ್ಕೆಗೆ ಸುತ್ತಿ ಮಾಡಿದ ಕೃತಕ ಕೀಟಕ್ಕೆ, ಅಂದರೆ ಫ್ಲೈಗೆ, ಹೇಳಿಕೊಳ್ಳುವಂಥ ತೂಕವೇ ಇರುವುದಿಲ್ಲವಾದ್ದರಿಂದ, ದಪ್ಪನೆಯ ತೂಕದ ದಾರವನ್ನೇ ಕೋಲಿನಿಂದ ಹಿಂದಕ್ಕೂ ಮುಂದಕ್ಕೂ ಬೀಸಿ ನೀರಿನ ಮೇಲೆ ಹಾಸಬೇಕಾಗುತ್ತದೆ. ಈ ಬೀಸುವ ಕೆಲಸವನ್ನು ಹೆಚ್ಚು ಪಳಗಿದ ಕೈ ಮಾಡುತ್ತದೆ; ಇನ್ನೊಂದು ಕೈ ದಾರವನ್ನು ಹಿಡಿದು, ಬಿಟ್ಟು, ಎಳೆದುಕೊಳ್ಳುತ್ತಿರುತ್ತದೆ. ಕೋಲಿನ ಹಿಡಿಕೆಯ ಕೆಳಗೆ ತೂಗುವ ರೀಲಿಗೆ ಎಸೆತದಲ್ಲಿ ಯಾವ ಪಾತ್ರವೂ ಇಲ್ಲ. ಮೀನು ಕಚ್ಚಿದ ಮೇಲೆ ಮಾತ್ರ ಅದರ ಸರದಿ ಬರುತ್ತದೆ, ಮತ್ತು ಆ ಕ್ಷಣದಲ್ಲಿಯೇ ಈ ಲೇಖನದ ಪ್ರಶ್ನೆಯೂ ಏಳುತ್ತದೆ: ಬಲಗೈಯಿಂದ ಕೋಲು ಬೀಸುವವನು ರೀಲಿನ ಹಿಡಿಯನ್ನು ಎಡಗಡೆಗೆ ಇಟ್ಟುಕೊಳ್ಳಬೇಕೋ ಬಲಗಡೆಗೋ?

ಪ್ರಶ್ನೆ ಚಿಕ್ಕದಾಗಿ ಕಂಡರೂ ಬಹಳ ಕಾಲದಿಂದ ಬ್ರಿಟನ್ ಮತ್ತು ಅಮೆರಿಕದ ಗಾಳಗಾರರನ್ನು ಎರಡು ಪಂಗಡಗಳಾಗಿ ಒಡೆದಿದೆ. ವಾದಕ್ಕೆ ಇಳಿಯುವ ಮೊದಲು ಅಂಗಡಿಯಲ್ಲಿ ಆಗಾಗ ಆಗುವ ಒಂದು ಗೊಂದಲವನ್ನು ಬಿಡಿಸಿಕೊಳ್ಳುವುದು ಒಳ್ಳೆಯದು. ರೀಲಿನ ಡಬ್ಬಿಯ ಮೇಲೆ 'ಲೆಫ್ಟ್ ಹ್ಯಾಂಡ್ ವೈಂಡ್' ಎಂದು ಬರೆದಿದ್ದರೆ ಅದು ಎಡಚರಿಗಾಗಿ ಮಾಡಿದ ರೀಲು ಎಂದಲ್ಲ. ಎಡಗೈಯಿಂದ ಸುತ್ತಬೇಕಾದ ರೀಲು ಎಂದಷ್ಟೇ ಅರ್ಥ. ಅದನ್ನು ಕೊಳ್ಳುವವರಲ್ಲಿ ಹೆಚ್ಚಿನವರು ಬಲಗೈಯಿಂದ ಎಸೆಯುವವರೇ.

ಮೊದಲು ರೀಲಿನ ರಚನೆಯನ್ನು ನೋಡಬೇಕು, ಏಕೆಂದರೆ ವಿವಾದದ ಬೇರು ಅಲ್ಲಿದೆ. ಇತರ ಗಾಳಗಳ ರೀಲುಗಳಲ್ಲಿ ಹಲ್ಲುಚಕ್ರಗಳಿದ್ದು ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ಒಳಗಿನ ಭಾಗ ನಾಲ್ಕೈದು ಸುತ್ತು ತಿರುಗುತ್ತದೆ. ಫ್ಲೈ ರೀಲು ಬಹುಮಟ್ಟಿಗೆ ನೇರ ಚಾಲನೆಯದು. ದಾರ ಸುತ್ತಿಕೊಳ್ಳುವ ಗಾಲಿಗೆ, ಅಂದರೆ ಸ್ಪೂಲಿಗೆ, ಹಿಡಿಯನ್ನು ಸೀದಾ ಬಿಗಿದಿರುವುದರಿಂದ ಕೈಯ ಒಂದು ಸುತ್ತಿಗೆ ಗಾಲಿಯದೂ ಒಂದೇ ಸುತ್ತು. ದಾರ ತುಂಬಿದ ಗಾಲಿಯ ವ್ಯಾಸ 8 ಸೆಂಟಿಮೀಟರ್ ಇದ್ದರೆ ಪ್ರತಿ ಸುತ್ತಿಗೆ ಸುಮಾರು 25 ಸೆಂಟಿಮೀಟರ್ ದಾರ ಒಳಗೆ ಬರುತ್ತದೆ. ದಾರ ಹೊರಗೆ ಓಡಿ ವ್ಯಾಸ 5 ಸೆಂಟಿಮೀಟರಿಗೆ ಇಳಿದಾಗ ಅದು 16 ಸೆಂಟಿಮೀಟರಿಗಿಂತಲೂ ಕಡಿಮೆಯಾಗುತ್ತದೆ. ಎರಡರ ನಡುವಿನ 20 ಸೆಂಟಿಮೀಟರನ್ನು ಲೆಕ್ಕಕ್ಕೆ ಹಿಡಿದರೆ 100 ಮೀಟರ್ ದಾರವನ್ನು ಮರಳಿ ತರಲು 500 ಸುತ್ತು ಬೇಕು. ಸೆಕೆಂಡಿಗೆ ಎರಡು ಸುತ್ತು ತಿರುಗಿಸಬಲ್ಲ ಕೈಗೆ ಇದು 250 ಸೆಕೆಂಡಿನ ಕೆಲಸ. ಒಂದೂವರೆ ಸುತ್ತು ಮಾತ್ರ ಸಾಧ್ಯವಾಗುವ ಕೈಗೆ ಐದೂವರೆ ನಿಮಿಷದ ಕೆಲಸ. ಈ ಅಂತರವನ್ನು ನೆನಪಿನಲ್ಲಿಟ್ಟುಕೊಂಡರೆ ಎರಡೂ ಪಕ್ಷಗಳ ವಾದ ಅರ್ಥವಾಗುತ್ತದೆ. ಗಾಲಿಯ ನಡುಭಾಗವನ್ನೇ ದೊಡ್ಡದು ಮಾಡಿ ದಾರ ಕಡಿಮೆಯಾದಾಗಲೂ ವ್ಯಾಸ ಕುಗ್ಗದಂತೆ ನೋಡಿಕೊಳ್ಳುವ 'ಲಾರ್ಜ್ ಆರ್ಬರ್' ರೀಲುಗಳು ಜನಪ್ರಿಯವಾದದ್ದೂ ಈ ಲೆಕ್ಕದ ಕಾರಣದಿಂದಲೇ.

ಫ್ಲೈ ಫಿಶಿಂಗ್‌ಗೆ ರೀಲು ಅನಿವಾರ್ಯವೂ ಅಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಜಪಾನಿನ ಬೆಟ್ಟದ ತೊರೆಗಳಲ್ಲಿ ಬೆಳೆದ ತೆಂಕಾರಾ ಪದ್ಧತಿಯಲ್ಲಿ ದಾರವನ್ನು ಕೋಲಿನ ತುದಿಗೇ ಕಟ್ಟುತ್ತಾರೆ, ರೀಲಿನ ಮಾತೇ ಇಲ್ಲ. ಆದರೂ ರೀಲು ಬಹಳ ಹಳೆಯದು: ಚೀನಾದ ಸಾಂಗ್ ಅರಸರ ಕಾಲದ ಕಲಾವಿದ ಮಾ ಯುಆನ್ ಸುಮಾರು 1195ರಲ್ಲಿ ಬರೆದನೆನ್ನಲಾದ ಚಿತ್ರವೊಂದರಲ್ಲಿ ದೋಣಿಯಲ್ಲಿ ಕುಳಿತ ಗಾಳಗಾರನ ಕೋಲಿಗೆ ಚಿಕ್ಕ ಗಾಲಿಯೊಂದು ಕಾಣಿಸುತ್ತದೆ. ಇಂಗ್ಲೆಂಡಿನ ಪುಸ್ತಕಗಳಲ್ಲಿ ರೀಲಿನ ಮಾತು ಬರುವುದು 1651ರಲ್ಲಿ ಪ್ರಕಟವಾದ ಥಾಮಸ್ ಬಾರ್ಕರನ ಕೃತಿಯ ಹೊತ್ತಿಗೆ. ಇಂದಿನ ಫ್ಲೈ ರೀಲಿನ ರೂಪ ಗಟ್ಟಿಗೊಂಡದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ಮೂರು ದಶಕಗಳಲ್ಲಿ. ಅಮೆರಿಕದ ವರ್ಮಾಂಟಿನ ಚಾರ್ಲ್ಸ್ ಆರ್ವಿಸ್ 1874ರಲ್ಲಿ ಪೇಟೆಂಟ್ ಪಡೆದ ರೀಲು ಅಗಲ ಕಡಿಮೆಯದಾಗಿದ್ದು, ಒದ್ದೆ ದಾರ ಬೇಗ ಒಣಗುವಂತೆ ಅದರ ಬದಿಗಳಲ್ಲಿ ತೂತುಗಳಿದ್ದವು. ಇಂಗ್ಲೆಂಡಿನ ಆಲ್ನಿಕ್ ಊರಿನ ಹಾರ್ಡಿ ಸಹೋದರರು 1891ರಲ್ಲಿ 'ಪರ್ಫೆಕ್ಟ್' ಎಂಬ ಹೆಸರಿನ, ಬಾಲ್ ಬೇರಿಂಗ್ ಇರುವ ರೀಲನ್ನು ಮಾರುಕಟ್ಟೆಗೆ ತಂದರು. ಇದು ಎಡಗೈಗೆ ಬೇರೆ, ಬಲಗೈಗೆ ಬೇರೆ ಎಂದು ತಯಾರಾಗುತ್ತಿತ್ತಾದರೂ ಹಳೆಯ ಬ್ರಿಟಿಷ್ ರೀಲುಗಳಲ್ಲಿ ಹೆಚ್ಚಾಗಿ ಸಿಗುವುದು ಬಲಗೈಯಿಂದ ಸುತ್ತುವವೇ. ಬಲಗೈಯಿಂದ ಕೋಲು ಬೀಸುವುದು, ಮೀನು ಸಿಕ್ಕೊಡನೆ ಕೋಲನ್ನು ಎಡಗೈಗೆ ದಾಟಿಸುವುದು, ಬಲಗೈಯಿಂದ ಸುತ್ತುವುದು ಎಂಬ ಕ್ರಮ ಆ ಕಾಲದ ಶಿಷ್ಟಾಚಾರವೇ ಆಗಿತ್ತು.

ಇದಕ್ಕೆ ಸಮಾನಾಂತರವಾಗಿ ಅಮೆರಿಕದಲ್ಲಿ ಇನ್ನೊಂದು ಧಾರೆ ಹರಿಯಿತು. ಕೆಂಟಕಿ ರಾಜ್ಯದ ಗಡಿಯಾರ ಮತ್ತು ಬೆಳ್ಳಿ ಕೆಲಸದವರು ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿಯೇ ಹಲ್ಲುಚಕ್ರದ ಮಲ್ಟಿಪ್ಲೈಯರ್ ರೀಲುಗಳನ್ನು ಕೈಯಿಂದ ಮಾಡತೊಡಗಿದ್ದರು, ಮತ್ತು ಆ ವಂಶದ ರೀಲುಗಳ ಹಿಡಿ ಬಲಗಡೆಗೇ ನೆಲೆಸಿತು. ಎರಡನೆಯ ಮಹಾಯುದ್ಧದ ನಂತರ ಫ್ರಾನ್ಸಿನ ಮಿಚೆಲ್‌ನಂಥ ಸ್ಪಿನ್ನಿಂಗ್ ರೀಲುಗಳು, ಅಂದರೆ ಸ್ಪೂಲು ನಿಂತಲ್ಲೇ ನಿಂತು ಅದರ ಸುತ್ತ ಒಂದು ತಂತಿ ತಿರುಗಿ ದಾರ ಸುತ್ತುವ ರೀಲುಗಳು, ಹಿಡಿಯನ್ನು ಎಡಗಡೆಗೆ ಇಟ್ಟುಕೊಂಡು ಜಗತ್ತಿನ ತುಂಬ ಹರಡಿದವು. ಬಾಲ್ಯದಲ್ಲಿ ಇಂಥ ರೀಲು ಹಿಡಿದು ಕಲಿತವನು ದೊಡ್ಡವನಾಗಿ ಫ್ಲೈ ರೀಲಿಗೆ ಬಂದಾಗ ಎಡಗೈಯಿಂದ ಸುತ್ತುವುದೇ ಅವನಿಗೆ ಸಹಜ. ಹಿಡಿಯ ಬದಿ ತಲೆಮಾರಿನಿಂದ ತಲೆಮಾರಿಗೆ ಬದಲಾದದ್ದಕ್ಕೆ ತರ್ಕಕ್ಕಿಂತ ಮೊದಲ ರೀಲಿನ ರೂಢಿಯೇ ಹೆಚ್ಚಿನ ಕಾರಣವಿರಬೇಕೆಂದು ಧಾರಾಳವಾಗಿ ಊಹಿಸಬಹುದು.

ಎಡಗೈಯ ಪಕ್ಷ, ಅಂದರೆ ಎಸೆಯದ ಕೈಯಿಂದಲೇ ಸುತ್ತಬೇಕೆನ್ನುವ ಪಕ್ಷ, ತನ್ನ ವಾದವನ್ನು ಮೀನು ಕಚ್ಚಿದ ನಂತರದ ಕೆಲವು ಸೆಕೆಂಡುಗಳ ಮೇಲೆ ಕಟ್ಟುತ್ತದೆ. ಆ ಹೊತ್ತಿನಲ್ಲಿ ಕೋಲು ಬಲಗೈಯಲ್ಲಿದೆ; ದಾರವನ್ನು ಬಲಗೈಯ ತೋರುಬೆರಳು ಕೋಲಿನ ಹಿಡಿಕೆಗೆ ಒತ್ತಿ ಹಿಡಿದಿದೆ; ಎಡಗೈ ಎಳೆದುಕೊಂಡ ಸಡಿಲ ದಾರ ಕಾಲ ಬಳಿ ನೀರಿನಲ್ಲಿಯೋ ದೋಣಿಯ ಹಲಗೆಯ ಮೇಲೋ ಸುರುಳಿ ಸುರುಳಿಯಾಗಿ ಬಿದ್ದಿದೆ. ಮೀನು ಓಡತೊಡಗಿದರೆ ಈ ಸುರುಳಿಗಳು ಒಂದೊಂದಾಗಿ ಮೇಲೆದ್ದು, ಎಡಗೈಯ ಹೆಬ್ಬೆರಳು ತೋರುಬೆರಳುಗಳು ಮಾಡಿದ ಉಂಗುರದ ಮೂಲಕ ಹಾದು, ರೀಲಿನ ಹಿಡಿಗೋ ಅಂಗಿಯ ಗುಂಡಿಗೋ ಸಿಕ್ಕಿಕೊಳ್ಳದೆ ಹೊರಟುಹೋಗಬೇಕು. ಮೀನು ಓಡದೆ ಗಾಳಗಾರನ ಕಡೆಗೇ ತಿರುಗಿ ಬಂದರೆ ಅವನು ದಾರವನ್ನು ಅಷ್ಟೇ ವೇಗವಾಗಿ ಎಳೆದುಕೊಳ್ಳಬೇಕು, ಇಲ್ಲದಿದ್ದರೆ ಬಿಗಿ ತಪ್ಪಿ ಕೊಕ್ಕೆ ಜಾರುತ್ತದೆ. ಇಂಥ ಹೊತ್ತಿನಲ್ಲಿ ಕೋಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ದಾಟಿಸುವುದು ಬೇಡದ ಅಪಾಯವೆಂಬುದು ಈ ಪಕ್ಷದ ವಾದ. ಮೀನಿನ ಪ್ರತಿಯೊಂದು ಚಲನೆಗೆ ಉತ್ತರ ಕೊಡುವುದು ಕೋಲಿನ ತುದಿಯಾದ್ದರಿಂದ ಕೋಲು ಚತುರವಾದ ಕೈಯಲ್ಲಿಯೇ ಉಳಿಯಬೇಕು, ಹಿಡಿ ತಿರುಗಿಸುವ ಒಂದೇ ಬಗೆಯ ಕೆಲಸವನ್ನು ಇನ್ನೊಂದು ಕೈಗೆ ಕಲಿಸಬಹುದು ಎಂದು ಅದು ಹೇಳುತ್ತದೆ.

ಬೆಟ್ಟದ ಹೊಳೆಗಳ ಟ್ರೌಟ್ ಮೀನಿನ ಮಟ್ಟಿಗೆ ಈ ವಾದ ಬಲವಾಗಿಯೇ ಇದೆ. ಅಲ್ಲಿ ಸಿಗುವ ಮೀನುಗಳಲ್ಲಿ ಬಹುಪಾಲನ್ನು ರೀಲನ್ನು ಮುಟ್ಟದೆ, ದಾರವನ್ನು ಕೈಯಿಂದಲೇ ಎಳೆದುಕೊಂಡು ಹತ್ತಿರ ತರುತ್ತಾರೆ. ರೀಲು ಅಲ್ಲಿ ಹೆಚ್ಚುವರಿ ದಾರವನ್ನು ಇಟ್ಟುಕೊಳ್ಳುವ ಗೂಡು ಮಾತ್ರ. ಹೀಗಿರುವಾಗ ಅದರ ವೇಗ ಎಷ್ಟು ಎಂಬುದು ಗೌಣ, ಕೈ ಬದಲಾಯಿಸುವ ತೊಡಕಿಲ್ಲದಿರುವುದು ಮುಖ್ಯ.

ಬಲಗೈಯ ಪಕ್ಷದ ವಾದ ಸಮುದ್ರದ ಕಡೆಯಿಂದ ಬಂದಿತು. ಉಷ್ಣವಲಯದ ತೆಳು ನೀರಿನ ಬೋನ್‌ಫಿಶ್ ಕೊಕ್ಕೆ ತಗಲಿದೊಡನೆ ಒಂದೇ ಓಟದಲ್ಲಿ 27 ಮೀಟರಿನಷ್ಟಿರುವ ಫ್ಲೈ ದಾರವನ್ನೆಲ್ಲ ಎಳೆದುಕೊಂಡು, ಅದರ ಹಿಂದೆ ಕಟ್ಟಿರುವ ತೆಳುವಾದ ಮೀಸಲು ದಾರವನ್ನೂ, ಅಂದರೆ ಬ್ಯಾಕಿಂಗನ್ನೂ, ಹತ್ತಾರು ಮೀಟರ್ ಹೊರಗೆ ಒಯ್ಯಬಲ್ಲದು. ಅನಂತರ ಅದು ಥಟ್ಟನೆ ಹಿಂದಿರುಗಿ ಬಂದರೆ ಮೇಲೆ ಹೇಳಿದ 500 ಸುತ್ತಿನ ಲೆಕ್ಕ ನಿಜವಾಗುತ್ತದೆ. ಸಮುದ್ರದ ಫ್ಲೈ ಫಿಶಿಂಗ್ ಕುರಿತು 1974ರಲ್ಲಿ ಪ್ರಕಟವಾದ ಪುಸ್ತಕದಿಂದ ಹೆಸರಾದ ಅಮೆರಿಕದ ಲೆಫ್ಟಿ ಕ್ರೆ (1925–2018) ಈ ಕಾರಣಕ್ಕಾಗಿಯೇ ಉದ್ದಕ್ಕೆ ಓಡುವ ಮೀನುಗಳಿಗೆ ಗಾಳ ಹಾಕುವವರು ತಮ್ಮ ಚುರುಕಾದ ಕೈಯಿಂದಲೇ ಸುತ್ತಬೇಕೆಂದು ಪಟ್ಟು ಹಿಡಿದು ಬೋಧಿಸಿದವರು. ಕೋಲನ್ನು ಎತ್ತಿ ಹಿಡಿಯುವುದು ಸ್ಥಿರವಾದ ಕೆಲಸ, ಅದನ್ನು ಯಾವ ಕೈಯಾದರೂ ಮಾಡೀತು; ಚಿಕ್ಕ ವೃತ್ತದಲ್ಲಿ ವೇಗವಾಗಿ, ಬಹಳ ಹೊತ್ತು, ಅಲುಗಾಟವಿಲ್ಲದೆ ತಿರುಗಿಸುವುದು ಮಾತ್ರ ಪಳಗಿದ ಕೈಯಿಂದಲೇ ಆಗುವಂಥದ್ದು ಎಂಬುದು ಈ ಪಕ್ಷದ ತಿರುಳು. ಪಳಗದ ಕೈ ತಿರುಗಿಸುವಾಗ ಇಡೀ ಕೋಲು ಅತ್ತಿತ್ತ ಒಲೆಯುವುದನ್ನು ಯಾರಾದರೂ ಗಮನಿಸಬಹುದು. ಇದಲ್ಲದೆ ಬೆಳಗಿನಿಂದ ಭಾರವಾದ ಕೋಲನ್ನು ಬೀಸಿ ದಣಿದ ಬಲಗೈಗೆ ಕೋಲಿನ ಹೊರೆಯಿಂದ ಬಿಡುವೂ ಸಿಗುತ್ತದೆ. ಕೈ ಬದಲಾಯಿಸುವ ಅಪಾಯದ ಬಗ್ಗೆ ಇವರ ಉತ್ತರವೂ ಸರಳವಾಗಿದೆ: ಸಡಿಲ ದಾರವೆಲ್ಲ ಹೊರಟು ಬಿಗಿ ರೀಲಿಗೆ ತಾಗಿದ ಮೇಲೆ ಮೀನು ಓಡುತ್ತಿರುವಷ್ಟು ಹೊತ್ತು ಗಾಳಗಾರನಿಗೆ ಸುತ್ತುವ ಕೆಲಸವಿರುವುದಿಲ್ಲ, ಕೋಲನ್ನು ಆಗ ನೆಮ್ಮದಿಯಾಗಿ ದಾಟಿಸಿಕೊಳ್ಳಬಹುದು.

ಈ ಉತ್ತರದಲ್ಲಿ ಎದ್ದು ಕಾಣುವ ಒಂದು ಸಂಗತಿಯನ್ನು ಎರಡೂ ಪಕ್ಷಗಳು ಸಾಕಷ್ಟು ಗಮನಿಸಿಲ್ಲ. ನೇರ ಚಾಲನೆಯ ರೀಲಿನಲ್ಲಿ ಮೀನು ಓಡುವಾಗ ಹಿಡಿಯೂ ಹಿಂದು ಹಿಂದಕ್ಕೆ ಗಿರಗಿರನೆ ತಿರುಗುತ್ತದೆ, ಆಗ ಬೆರಳು ಅಡ್ಡ ಬಂದರೆ ಗಿಣ್ಣುಗಳಿಗೆ ಪೆಟ್ಟು ತಪ್ಪಿದ್ದಲ್ಲ. ಆದ್ದರಿಂದ ಸುತ್ತುವ ಕೈ ಮೀನು ಓಡಿದೊಡನೆ ಹಿಡಿಯನ್ನು ಬಿಡಬೇಕು, ಅದು ನಿಂತೊಡನೆ ನೋಡದೆಯೇ ಮತ್ತೆ ಹುಡುಕಿ ಹಿಡಿಯಬೇಕು, ನಡುವೆ ಗಾಲಿಯ ಅಂಚಿಗೆ ಅಂಗೈ ತಾಗಿಸಿ ಓಟವನ್ನು ತಡೆಯಬೇಕು. ದಾರವನ್ನು ಗಾಲಿಯ ಅಗಲಕ್ಕೂ ಸಮನಾಗಿ ಹರಡುವ ಏರ್ಪಾಡು ಫ್ಲೈ ರೀಲಿನಲ್ಲಿ ಇಲ್ಲದ ಕಾರಣ ಕೋಲು ಹಿಡಿದ ಕೈಯ ಬೆರಳೊಂದು ದಾರವನ್ನು ಅತ್ತಿಂದಿತ್ತ ಸರಿಸುತ್ತಲೂ ಇರಬೇಕು. ಇಲ್ಲದಿದ್ದರೆ ಒಂದೇ ಕಡೆ ಗುಡ್ಡೆಯಾದ ದಾರ ಮುಂದಿನ ಓಟದಲ್ಲಿ ಕುಸಿದು ಸಿಕ್ಕಾಗುತ್ತದೆ. ಹೀಗೆ ಒಂದು ಕೈಗೆ ನಾಜೂಕಿನ ಕೆಲಸ, ಇನ್ನೊಂದಕ್ಕೆ ಒರಟು ಕೆಲಸ ಎಂದು ಎರಡೂ ಪಕ್ಷಗಳು ಮಾಡಿಕೊಂಡ ಹಂಚಿಕೆ ಅನುಭವದಲ್ಲಿ ನಿಲ್ಲುವುದಿಲ್ಲ. ಎರಡೂ ಕೈಗಳಿಗೆ ನಾಜೂಕಿನ ಕೆಲಸವೇ ಬೀಳುತ್ತದೆ.

ಎರಡು ಕೈಗಳ ಹೊಂದಾಣಿಕೆಯ ಕುರಿತು ಮನೋವಿಜ್ಞಾನದಲ್ಲಿ ನಡೆದಿರುವ ಚಿಂತನೆ ಇಲ್ಲಿ ಸ್ವಲ್ಪ ಬೆಳಕು ಚೆಲ್ಲುತ್ತದೆ. ಫ್ರಾನ್ಸಿನ ಇವ್ ಗಿಯಾರ್ 1987ರಲ್ಲಿ ಮಂಡಿಸಿದ ಮಾದರಿಯ ಪ್ರಕಾರ ಬಲಗೈ ರೂಢಿಯವರ ಬಹುತೇಕ ಕೆಲಸಗಳಲ್ಲಿ ಎಡಗೈ ಚೌಕಟ್ಟನ್ನು ಸಿದ್ಧಪಡಿಸಿಕೊಡುತ್ತದೆ, ಬಲಗೈ ಆ ಚೌಕಟ್ಟಿನೊಳಗೆ ಸೂಕ್ಷ್ಮ ಚಲನೆಯನ್ನು ನಡೆಸುತ್ತದೆ. ಬರೆಯುವಾಗ ಎಡಗೈ ಕಾಗದವನ್ನು ಸರಿಸಿ ಒತ್ತಿ ಹಿಡಿಯುತ್ತದೆ, ಬಲಗೈ ಅಕ್ಷರ ಮೂಡಿಸುತ್ತದೆ. ಈ ಮಾದರಿಯನ್ನು ಗಾಳಕ್ಕೆ ಅನ್ವಯಿಸಿದರೆ ಮೊದಲ ನೋಟಕ್ಕೆ ಬಲಗೈಯ ಪಕ್ಷವೇ ಗೆದ್ದಂತೆ ಕಾಣುತ್ತದೆ: ಕೋಲು ಚೌಕಟ್ಟು, ಹಿಡಿ ಸೂಕ್ಷ್ಮ ಚಲನೆ. ಆದರೆ ಕೋಲು ಬರಿಯ ಚೌಕಟ್ಟಾಗಿರುವುದು ಮೀನು ದೂರದಲ್ಲಿದ್ದು ದಾರವನ್ನು ಒಳತರುವುದಷ್ಟೇ ಕೆಲಸವಾಗಿರುವಾಗ ಮಾತ್ರ. ಮೀನು ಹತ್ತು ಮೀಟರಿನೊಳಗೆ ಬಂದು ಬಂಡೆಯ ಕೆಳಗೋ ಬೇರುಗಳ ನಡುವೆಯೋ ನುಗ್ಗಲು ನೋಡುವಾಗ ಕೋಲನ್ನು ಎಡಕ್ಕೆ ಬಲಕ್ಕೆ ವಾಲಿಸಿ ಅದನ್ನು ತಿರುಗಿಸಬೇಕಾಗುತ್ತದೆ; ಆಗ ಸೂಕ್ಷ್ಮ ಕೆಲಸ ಕೋಲಿಗೆ ಸೇರುತ್ತದೆ, ರೀಲು ಸುಮ್ಮನಿರುತ್ತದೆ. ಎಂದರೆ ಕಾದಾಟದ ಎಷ್ಟು ಭಾಗ ರೀಲಿನ ಮೇಲೆ ನಡೆಯುತ್ತದೆ, ಎಷ್ಟು ಭಾಗ ಕೋಲಿನ ಮೇಲೆ ನಡೆಯುತ್ತದೆ ಎಂಬುದೇ ನಿಜವಾದ ಪ್ರಶ್ನೆ. ಹಿಡಿ ಎಡಕ್ಕೋ ಬಲಕ್ಕೋ ಎಂಬುದು ಅದರಿಂದ ಹುಟ್ಟುವ ಉಪಪ್ರಶ್ನೆ. ಎರಡೂ ಪಕ್ಷಗಳು ತಮ್ಮ ತಮ್ಮ ನೀರಿನ ಅನುಭವವನ್ನು ಎಲ್ಲ ನೀರಿಗೂ ಅನ್ವಯಿಸಲು ಹೋಗಿರುವುದೇ ವಿವಾದ ಇಷ್ಟು ದೀರ್ಘವಾಗಲು ಕಾರಣ.

ಈ ವಿವಾದದ ಹೊರಗೇ ಉಳಿಯುವ ಗಾಳಗಾರರೂ ಇದ್ದಾರೆ. ಸ್ಕಾಟ್ಲೆಂಡಿನ ಸ್ಪೇ ನದಿಯ ಹೆಸರನ್ನೇ ಹೊತ್ತ ಎಸೆತಕ್ಕೆ ಬಳಸುವ ಉದ್ದನೆಯ ಸಾಲ್ಮನ್ ಕೋಲುಗಳನ್ನು ಎರಡೂ ಕೈಗಳಿಂದ ಹಿಡಿಯಬೇಕಾಗುವುದರಿಂದ ಕೈ ಬದಲಾವಣೆಯ ಆಕ್ಷೇಪಕ್ಕೆ ಅಲ್ಲಿ ಅರ್ಥವೇ ಉಳಿಯುವುದಿಲ್ಲ. ಎಸೆತ ಮುಗಿದ ಮೇಲೆ ಯಾವ ಕೈಯನ್ನು ಬಿಡಿಸಿಕೊಂಡರೂ ನಡೆಯುತ್ತದೆ. ಎಡಚರ ಪಾಡು ಇನ್ನೂ ವಿಚಿತ್ರವಾದದ್ದು. ಜನಸಂಖ್ಯೆಯ ಸುಮಾರು ಹತ್ತನೆಯ ಒಂದು ಭಾಗದಷ್ಟಿರುವ ಇವರಿಗಾಗಿ ಹೊರಜಗತ್ತು ಕತ್ತರಿಯನ್ನೂ ಸರಿಯಾಗಿ ಮಾಡಿಕೊಟ್ಟಿಲ್ಲ, ಆದರೆ ಬಲಗಡೆ ಹಿಡಿಯಿರುವ ಹಳೆಯ ಬ್ರಿಟಿಷ್ ರೀಲು ಎಡಗೈಯಿಂದ ಎಸೆಯುವವನಿಗೆ ಕೈ ಬದಲಾವಣೆಯಿಲ್ಲದೆ ಹೇಳಿ ಮಾಡಿಸಿದಂತೆ ಒದಗುತ್ತದೆ.

ಕರ್ನಾಟಕದ ನದಿಗಳಿಗೂ ಈ ಚರ್ಚೆಗೂ ತೆಳುವಾದರೂ ನಿಜವಾದ ಸಂಬಂಧವಿದೆ. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಭಾರತದ ಗಾಳಗಾರಿಕೆಯ ಕುರಿತು ಬರೆದ ಪ್ರಸಿದ್ಧ ಪುಸ್ತಕ 1873ರಲ್ಲಿ ಅಚ್ಚಾದದ್ದು ಮಂಗಳೂರಿನಲ್ಲಿ. ಕಾವೇರಿ ಮತ್ತು ಕಬಿನಿಯ ಬಿಳಿ ಮೀನು, ಅಂದರೆ ಮಹಸೀರ್, ಗಾಳಗಾರರ ಜಗತ್ತಿನಲ್ಲಿ ಹೆಸರಾದದ್ದು ತನ್ನ ಗಾತ್ರದಿಂದ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದ ಮೀನು 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. ಇಲ್ಲಿನ ಗಾಳದಲ್ಲಿ ರಾಗಿ ಹಿಟ್ಟಿನ ಉಂಡೆ ಮತ್ತು ಬಲಗಡೆ ಹಿಡಿಯ ಮಲ್ಟಿಪ್ಲೈಯರ್ ರೀಲುಗಳದೇ ಮೇಲುಗೈಯಾಗಿತ್ತು, ಫ್ಲೈ ಅಪರೂಪ. ಕಲ್ಲುಬಂಡೆಗಳ ನಡುವೆ ಹರಿವಿನ ಜೊತೆ ಓಡುವ ಇಂಥ ಮೀನಿಗೆ ಎರಡೂ ಬಗೆಯ ಕಾದಾಟ ಬೇಕು: ಮೊದಲ ಓಟದ ನಂತರ ರೀಲಿನದು, ಬಂಡೆಯ ಹತ್ತಿರ ಕೋಲಿನದು. ಆದರೆ ಕಾವೇರಿ ವನ್ಯಧಾಮದ ವ್ಯಾಪ್ತಿಯಲ್ಲಿ ಗಾಳದ ಶಿಬಿರಗಳು 2010ರ ದಶಕದ ಆರಂಭದಲ್ಲಿ ನಿಂತುಹೋಗಿವೆ. ಇಲ್ಲಿನ ಡುಬ್ಬದ ಮಹಸೀರ್ 2018ರಲ್ಲಿ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅಳಿವಿನಂಚಿನ ಅತಿ ಗಂಭೀರ ವರ್ಗಕ್ಕೆ ಸೇರಿತು. ಹಿಡಿದ ಮೀನನ್ನು ಮತ್ತೆ ನೀರಿಗೆ ಬಿಡುವ ಪದ್ಧತಿ ಇರುವ ಯಾವುದೇ ನದಿಯಲ್ಲಿ ವೇಗವಾಗಿ ಸುತ್ತುವುದಕ್ಕೆ ಇನ್ನೊಂದು ಬೆಲೆಯೂ ಬರುತ್ತದೆ, ಏಕೆಂದರೆ ಕಾದಾಟ ಉದ್ದವಾದಷ್ಟೂ ಮೀನು ದಣಿದು, ಬಿಟ್ಟ ಮೇಲೆ ಬದುಕುವ ಸಾಧ್ಯತೆ ಇಳಿಯುತ್ತದೆ.

ಇಷ್ಟನ್ನೂ ತೂಗಿ ನೋಡಿದರೆ ಹೊಸದಾಗಿ ಕಲಿಯುವವರಿಗೆ, ಮುಖ್ಯವಾಗಿ ಹಿಮಾಚಲ, ಕಾಶ್ಮೀರ, ನೀಲಗಿರಿಗಳ ಟ್ರೌಟ್ ಹೊಳೆಗಳಿಗೆ ಹೋಗಬಯಸುವವರಿಗೆ, ಎಸೆಯದ ಕೈಯ ಕಡೆಗೆ ಹಿಡಿಯನ್ನು ಇಟ್ಟುಕೊಳ್ಳುವುದೇ ತಕ್ಕ ಆರಂಭ. ಸಮುದ್ರದ ಮೀನನ್ನೇ ಮುಖ್ಯವಾಗಿ ಹಿಡಿಯುವವರು ಎರಡೂ ಕೈಗಳಿಂದ ಒಂದು ನಿಮಿಷ ಖಾಲಿ ರೀಲನ್ನು ತಿರುಗಿಸಿ ನೋಡಿ, ಎರಡರ ನಡುವೆ ಗಣನೀಯ ಅಂತರ ಕಂಡರೆ ಚುರುಕಾದ ಕೈಯನ್ನೇ ಆರಿಸಿಕೊಳ್ಳಬೇಕು. ಅಂತರ ಅಲ್ಪವಾಗಿದ್ದರೆ ಅಭ್ಯಾಸದಿಂದ ಅದನ್ನು ತುಂಬಿಕೊಳ್ಳಬಹುದು. ಈಗಾಗಲೇ ಒಂದು ಕೈಯಿಂದ ವರ್ಷಗಟ್ಟಲೆ ಸುತ್ತಿ ಪಳಗಿದವರು ಯಾರದೋ ವಾದ ಕೇಳಿ ಬದಲಾಯಿಸಿಕೊಳ್ಳುವ ಅಗತ್ಯವಿಲ್ಲ. ಒಂದು ರೀಲು ಎಡಕ್ಕೆ, ಇನ್ನೊಂದು ಬಲಕ್ಕೆ ಎಂದು ಇಟ್ಟುಕೊಳ್ಳುವುದು ಮಾತ್ರ ಎರಡೂ ಕೈಗಳ ರೂಢಿಯನ್ನು ಕೆಡಿಸುವ ದಾರಿ.

ಕೊಳ್ಳುವ ಮೊದಲು ರೀಲಿನ ಬದಿ ಬದಲಾಯಿಸಲು ಬರುತ್ತದೆಯೇ ಎಂದು ವಿಚಾರಿಸಿಕೊಳ್ಳಬೇಕು. ಇಂದಿನ ಹೆಚ್ಚಿನ ರೀಲುಗಳಲ್ಲಿ ಓಟವನ್ನು ತಡೆಯುವ ಡ್ರ್ಯಾಗ್ ಎಂಬ ಭಾಗ ಒಂದೇ ದಿಕ್ಕಿನಲ್ಲಿ ಕೆಲಸ ಮಾಡುವಂತೆ ಒಳಗೊಂದು ಏಕಮುಖ ಬೇರಿಂಗ್ ಇರುತ್ತದೆ, ಅದನ್ನು ಹೊರತೆಗೆದು ತಿರುಗಿಸಿ ಕೂರಿಸಿದರೆ ಹಿಡಿಯ ಬದಿ ಬದಲಾಗುತ್ತದೆ; ಹಳೆಯ ಮಾದರಿಯ ಕ್ಲಿಕ್ ರೀಲುಗಳಲ್ಲಿ ಕೆಲವಕ್ಕೆ ಒಳಗಿನ ಚಿಕ್ಕ ಕೊಂಡಿಯನ್ನು ಮಗುಚಿದರೆ ಸಾಕು, ಇನ್ನು ಕೆಲವಕ್ಕೆ ಈ ಸೌಲಭ್ಯವೇ ಇಲ್ಲ. ಬದಿ ಬದಲಾದರೆ ಗಾಲಿ ಸುತ್ತುವ ದಿಕ್ಕೂ ಬದಲಾಗುವುದರಿಂದ ಫ್ಲೈ ದಾರವನ್ನೂ ಬ್ಯಾಕಿಂಗನ್ನೂ ಪೂರ್ತಿ ಬಿಚ್ಚಿ ಮೊದಲಿನಿಂದ ಸುತ್ತಬೇಕಾಗುತ್ತದೆ. ಆದಕಾರಣ ಯಾವ ಕೈ ಎಂಬುದನ್ನು ದಾರ ಸುತ್ತುವ ಮೊದಲೇ ತೀರ್ಮಾನಿಸಿ, ಸುತ್ತಿಕೊಡುವ ಅಂಗಡಿಯವರಿಗೆ ಅದನ್ನು ಬಾಯಿಬಿಟ್ಟು ಹೇಳುವುದು ಒಳ್ಳೆಯದು.